ಸಂಗೀತವೂ ವ್ಯಸನವಾಗಬಲ್ಲದೆ?

ಸಂಗೀತವನ್ನು ವ್ಯಸನಗಳ ಸಾಲಿನಲ್ಲಿಟ್ಟು ನೋಡುವ ಯೋಚನೆ ಇಂದು ನಿನ್ನೆಯದಲ್ಲ. ಮನುಸ್ಮೃತಿಯ ಏಳನೆಯ ಅಧ್ಯಾಯವು ಅರಸನಾದವನು ದೂರವಿಡಬೇಕಾದ ವ್ಯಸನಗಳನ್ನು ವಿವರಿಸುವಾಗ, ಕಾಮದಿಂದ ಅಂದರೆ ಸುಖದ ಬಯಕೆಯಿಂದ ಹುಟ್ಟುವ ಹತ್ತನ್ನು ಎಣಿಸುತ್ತದೆ. ಬೇಟೆ, ಜೂಜು, ಹಗಲುನಿದ್ದೆ, ಪರನಿಂದೆ, ಸ್ತ್ರೀಸಂಗ, ಮದ್ಯಪಾನ, ಗೊತ್ತುಗುರಿಯಿಲ್ಲದ ಅಲೆದಾಟ ಇವುಗಳ ಜೊತೆಗೆ ಗೀತ, ವಾದ್ಯ, ನೃತ್ಯ ಎಂಬ ಮೂರೂ, ತೌರ್ಯತ್ರಿಕವೆಂಬ ಒಂದೇ ಹೆಸರಿನಡಿ, ಆ ಹತ್ತರೊಳಗೆ ಸೇರಿವೆ. ಆದರೆ ಅದೇ ಅಧ್ಯಾಯ ಮುಂದುವರಿದು, ಈ ಹತ್ತರಲ್ಲಿ ಅತ್ಯಂತ ಕೇಡು ತರುವವು ಮದ್ಯ, ಜೂಜು, ಸ್ತ್ರೀಸಂಗ ಮತ್ತು ಬೇಟೆ ಎಂಬ ನಾಲ್ಕೇ ಎಂದು ಬೇರೆ ಮಾಡಿ ಹೇಳುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರವಂತೂ ತನ್ನ ಎಂಟನೆಯ ಅಧಿಕರಣದಲ್ಲಿ ಕಾಮಜ ವ್ಯಸನಗಳೆಂದು ಈ ನಾಲ್ಕನ್ನು ಮಾತ್ರ ಹೆಸರಿಸುತ್ತದೆ, ಸಂಗೀತಕ್ಕೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ಸಂಗೀತದಲ್ಲಿ ಮನುಷ್ಯ ಮೈಮರೆಯಬಲ್ಲ, ಆದರೆ ಮದ್ಯ ಮತ್ತು ಜೂಜುಗಳು ಕೆಡಿಸುವ ಹಾಗೆ ಅದು ಅವನನ್ನು ಕೆಡಿಸುವುದಿಲ್ಲ ಎಂಬ ಈ ಹಳೆಯ ತರತಮಜ್ಞಾನ, ಕಳೆದ ಎರಡು ಮೂರು ದಶಕಗಳ ನರವಿಜ್ಞಾನ ಮುಟ್ಟಿರುವ ನಿಲುವಿಗೆ ಅಚ್ಚರಿಯಾಗುವಷ್ಟು ಹತ್ತಿರವಾಗಿದೆ.

ಗ್ರೀಸಿನಲ್ಲಿ ಪ್ಲೇಟೊ ಇಷ್ಟು ಉದಾರಿಯಾಗಿರಲಿಲ್ಲ. ಸದಾ ಇಂಪಾದ ನಾದಕ್ಕೆ ಕಿವಿಯೊಡ್ಡಿ ಕುಳಿತವನ ಚೇತನ ಮೊದಮೊದಲು ಹದವಾಗಿ ಮೆತ್ತಗಾದರೂ, ಅಲ್ಲಿಗೇ ನಿಲ್ಲಿಸದಿದ್ದರೆ ಕೊನೆಗೆ ಕರಗಿಯೇ ಹೋಗುತ್ತದೆಂದು ಅವನು ರಿಪಬ್ಲಿಕ್ ಗ್ರಂಥದ ಮೂರನೆಯ ಭಾಗದಲ್ಲಿ ಎಚ್ಚರಿಸಿದ್ದಾನೆ. 1856ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವಧ್ ರಾಜ್ಯವನ್ನು ವಶಪಡಿಸಿಕೊಂಡಾಗ ನವಾಬ ವಾಜಿದ್ ಅಲಿ ಷಾನ ಮೇಲೆ ಹೊರಿಸಿದ್ದ ದೂರುಗಳಲ್ಲಿ, ಅವನು ಗಾಯಕರ ಮತ್ತು ನರ್ತಕಿಯರ ನಡುವೆ ಕಾಲ ಕಳೆದು ರಾಜ್ಯಭಾರವನ್ನು ಮರೆತನೆಂಬುದೂ ಒಂದಾಗಿತ್ತು. ಠುಮ್ರಿಗೂ ಕಥಕ್ ನೃತ್ಯಕ್ಕೂ ಆಸರೆಯಾಗಿದ್ದ ರಸಿಕನೊಬ್ಬನ ಒಲವು, ಅವನ ರಾಜ್ಯದ ಮೇಲೆ ಕಣ್ಣಿಟ್ಟವರಿಗೆ ದುಶ್ಚಟವಾಗಿ ಕಂಡಿತು. ಒಬ್ಬರ ಒಲವಿಗೆ ಚಟವೆಂಬ ಹೆಸರನ್ನು ಯಾರು, ಯಾವ ಉದ್ದೇಶದಿಂದ ಇಡುತ್ತಾರೆ ಎಂಬುದನ್ನು ಈ ವಿಷಯದಲ್ಲಿ ಎಂದೂ ಮರೆಯಬಾರದು, ಏಕೆಂದರೆ ಮನೆಯ ಹದಿಹರೆಯದವರ ಕಿವಿಯಲ್ಲಿ ಹಗಲಿರುಳೂ ಇಯರ್‌ಫೋನ್ ಕಂಡು ಗಾಬರಿಯಾಗುವ ಹಿರಿಯರು ಮಾಡುವುದೂ ಹಲವು ಸಲ ಇಂಥದೇ ನಾಮಕರಣ.

ಹಾಗಾದರೆ ವೈದ್ಯಶಾಸ್ತ್ರ ಯಾವುದನ್ನು ವ್ಯಸನವೆಂದು ಒಪ್ಪುತ್ತದೆ? ಬಹುಕಾಲದವರೆಗೆ ಮದ್ಯ, ಅಫೀಮು, ತಂಬಾಕಿನಂತೆ ದೇಹದೊಳಗೆ ಹೋಗುವ ವಸ್ತುಗಳಿಗಷ್ಟೇ ಈ ಮಾತು ಅನ್ವಯಿಸುತ್ತಿತ್ತು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯನ್ನು ಹೊರತಂದಾಗ ಜೂಜಿನ ಗೀಳನ್ನು ಮಾದಕವಸ್ತುಗಳ ವ್ಯಸನದ ಪಕ್ಕದಲ್ಲೇ ಇರಿಸಿತು. ಒಂದು ತೊಟ್ಟು ವಸ್ತುವೂ ದೇಹಕ್ಕೆ ಹೋಗದೆ ಕೇವಲ ವರ್ತನೆಯೇ ವ್ಯಸನವಾಗಬಹುದೆಂಬುದಕ್ಕೆ ಅಲ್ಲಿ ಅಧಿಕೃತ ಮನ್ನಣೆ ದೊರೆಯಿತು. 2019ರಲ್ಲಿ ಅಂಗೀಕೃತವಾಗಿ 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹನ್ನೊಂದನೆಯ ಪರಿಷ್ಕರಣೆಯು ಇದಕ್ಕೆ ವಿಡಿಯೊ ಗೇಮುಗಳ ವ್ಯಸನವನ್ನೂ ಸೇರಿಸಿತು. ಆಟದ ಮೇಲೆ ಹಿಡಿತ ತಪ್ಪುವುದು, ಬದುಕಿನ ಉಳಿದೆಲ್ಲ ಆಸಕ್ತಿಗಳಿಗಿಂತ ಅದೇ ಮುಂದಾಗುವುದು, ಕೆಡುಕಾಗುತ್ತಿದೆಯೆಂದು ಗೊತ್ತಿದ್ದೂ ನಿಲ್ಲಿಸಲಾಗದಿರುವುದು, ಇವೆಲ್ಲ ಸಾಮಾನ್ಯವಾಗಿ ಒಂದು ವರ್ಷದ ಅವಧಿಯಲ್ಲಿ ಕಂಡುಬಂದು ಓದು, ಉದ್ಯೋಗ, ಸಂಸಾರಗಳಿಗೆ ಗಣನೀಯ ಪೆಟ್ಟು ಬಿದ್ದಿರುವುದು ಎಂಬುದು ಅದರ ಲಕ್ಷಣ. ಈ ಎರಡು ಗ್ರಂಥಗಳಲ್ಲಿ ಯಾವುದರಲ್ಲೂ ಸಂಗೀತದ ವ್ಯಸನವೆಂಬ ಕಾಯಿಲೆ ಇಲ್ಲ.

ಇಲ್ಲವೆಂದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ, ಏಕೆಂದರೆ ಜೂಜೂ ಒಂದು ಕಾಲದಲ್ಲಿ ಈ ಗುಂಪಿನ ಹೊರಗೇ ಇತ್ತು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಮಾರ್ಕ್ ಗ್ರಿಫಿತ್ಸ್ 2005ರಲ್ಲಿ ಯಾವುದೇ ವರ್ತನೆಯನ್ನು ಒರೆಗೆ ಹಚ್ಚಲು ಆರು ಅಂಶಗಳನ್ನು ಮುಂದಿಟ್ಟರು: ಮನಸ್ಸನ್ನೆಲ್ಲ ಅದೇ ಆವರಿಸುವುದು, ಮನಃಸ್ಥಿತಿ ಬದಲಿಸಿಕೊಳ್ಳಲು ಅದನ್ನೇ ಹಿಡಿಯುವುದು, ಅದೇ ಹಿತಕ್ಕೆ ದಿನೇದಿನೇ ಹೆಚ್ಚು ಪ್ರಮಾಣ ಬೇಕಾಗುವುದು, ಸಿಗದಿದ್ದಾಗ ಯಾತನೆಯಾಗುವುದು, ಅದರಿಂದ ಸುತ್ತಲಿನವರೊಡನೆ ಮತ್ತು ತನ್ನೊಡನೆಯೇ ಘರ್ಷಣೆ ಹುಟ್ಟುವುದು, ಬಿಟ್ಟ ಮೇಲೂ ಮರಳಿ ಅದಕ್ಕೇ ಬೀಳುವುದು. ಸಂಗೀತಪ್ರಿಯರಲ್ಲಿ ಮೊದಲ ಎರಡು ಧಾರಾಳವಾಗಿ ಕಾಣುತ್ತವೆ. ಬೇಸರ ಕಳೆಯಲು, ದುಃಖ ತೋಡಿಕೊಳ್ಳಲು ಹಾಡು ಕೇಳದವರು ವಿರಳ. ತೊಡಕಿರುವುದು ಉಳಿದ ನಾಲ್ಕರಲ್ಲಿ, ಮತ್ತು ಅದನ್ನು ತಿಳಿಯಬೇಕಾದರೆ ಸಂಗೀತ ಮಿದುಳಿನಲ್ಲಿ ಮಾಡುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕಾಗುತ್ತದೆ.

ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ 1954ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಲಿಗಳ ಮಿದುಳಿನ ಒಂದು ಭಾಗಕ್ಕೆ ತಂತಿ ಇಳಿಸಿ, ಸನ್ನೆಯೊಂದನ್ನು ಒತ್ತಿದರೆ ಅಲ್ಲಿಗೆ ಕಿರು ವಿದ್ಯುತ್ ಹರಿಯುವಂತೆ ಏರ್ಪಡಿಸಿದಾಗ, ಇಲಿಗಳು ಆ ಸನ್ನೆಯನ್ನು ಬಿಡದೆ ಮತ್ತೆ ಮತ್ತೆ ಒತ್ತಿದವು. ಆಹಾರ, ಸಂಗ, ಸ್ನೇಹ ಇವುಗಳ ಕಡೆಗೆ ಜೀವಿಯನ್ನು ಪ್ರೇರಿಸುವ ಒಂದು ಜಾಲ ಮಿದುಳಿನಲ್ಲಿದೆಯೆಂದು ತಿಳಿದುಬಂದದ್ದು ಆ ದಾರಿಯಲ್ಲಿ. ಅದಕ್ಕೆ ಪ್ರತಿಫಲ ವ್ಯವಸ್ಥೆಯೆಂದು ಹೆಸರು, ಡೋಪಮೈನ್ ಎಂಬ ರಾಸಾಯನಿಕ ಅದರ ಮುಖ್ಯ ದೂತ. ಮಾದಕವಸ್ತುಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ಜಾಲವನ್ನೇ ಹಿಡಿದು ಅಲುಗಿಸುತ್ತವೆ. ಅದೇ ವಿಶ್ವವಿದ್ಯಾಲಯದಲ್ಲಿ, ಸುಮಾರು ಅರ್ಧ ಶತಮಾನದ ಬಳಿಕ, ಆ್ಯನ್ ಬ್ಲಡ್ ಮತ್ತು ರಾಬರ್ಟ್ ಜಟೋರೆ ಎಂಬ ವಿಜ್ಞಾನಿಗಳು ಮೈ ಜುಮ್ಮೆನ್ನಿಸುವ ಸಂಗೀತವನ್ನು ಕೇಳುತ್ತಿರುವವರ ಮಿದುಳಿನ ರಕ್ತಸಂಚಾರವನ್ನು ಅಳೆದು, ರೋಮಾಂಚನ ಹೆಚ್ಚಿದಂತೆಲ್ಲ ಈ ಪ್ರತಿಫಲ ವ್ಯವಸ್ಥೆಯ ಭಾಗಗಳೇ ಚುರುಕಾಗುತ್ತವೆಂದು 2001ರಲ್ಲಿ ತೋರಿಸಿದರು. ಹೊಟ್ಟೆ ತುಂಬಿಸದ, ವಂಶ ಬೆಳೆಸದ, ಕೇವಲ ಗಾಳಿಯ ಕಂಪನವಾದ ನಾದ, ಬದುಕಿ ಉಳಿಯಲು ಬೇಕಾದ ಸುಖಗಳ ಮನೆಬಾಗಿಲನ್ನೇ ತಟ್ಟುತ್ತದೆಯೆಂಬುದು ನಿಜಕ್ಕೂ ಬೆರಗಿನ ಸಂಗತಿ.

ಇದಕ್ಕಿಂತ ಸೂಕ್ಷ್ಮವಾದ ಮಾತು ತಿಳಿದದ್ದು 2011ರಲ್ಲಿ. ವಲೋರಿ ಸಲೀಂಪೂರ್, ಜಟೋರೆ ಮತ್ತು ಅವರ ಸಂಗಡಿಗರು ಡೋಪಮೈನಿನ ಬಿಡುಗಡೆಯನ್ನೇ ನೇರವಾಗಿ ಅಳೆಯುವ ವಿಧಾನವನ್ನು ಬಳಸಿದಾಗ, ಅದು ಎರಡು ಹಂತಗಳಲ್ಲಿ, ಎರಡು ಬೇರೆ ಕಡೆಗಳಲ್ಲಿ ಬಿಡುಗಡೆಯಾಗುತ್ತಿತ್ತು. ಹಾಡಿನ ಆ ಪ್ರಿಯವಾದ ಘಟ್ಟ ಇನ್ನೇನು ಬರಲಿದೆ ಎನ್ನುವ ನಿರೀಕ್ಷೆಯ ಹೊತ್ತಿನಲ್ಲಿ ಕಾಡೇಟ್ ಎಂಬ ಭಾಗದಲ್ಲಿಯೂ, ಆ ಘಟ್ಟ ಬಂದು ಮೈನವಿರೇಳುವ ಕ್ಷಣದಲ್ಲಿ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಪುಟ್ಟ ಕೇಂದ್ರದಲ್ಲಿಯೂ ಡೋಪಮೈನ್ ಹರಿದಿತ್ತು. ಆ ಪ್ರಯೋಗದಲ್ಲಿ ಪಾಲ್ಗೊಂಡವರು ಆರಿಸಿ ತಂದದ್ದು ತಮ್ಮ ಮೆಚ್ಚಿನ ವಾದ್ಯಸಂಗೀತವನ್ನು. ಆದರೆ ಅದು ತೋರಿಸಿಕೊಟ್ಟ ನಿರೀಕ್ಷೆ ಮತ್ತು ಪೂರೈಕೆಯ ವ್ಯವಹಾರವನ್ನು ಧಾರವಾಡದ ಯಾವ ಸಂಗೀತ ಕಛೇರಿಯಲ್ಲಾದರೂ ಕಣ್ಣಾರೆ ಕಾಣಬಹುದು. ಗಾಯಕರು ಆಲಾಪದಲ್ಲಿ ತಾರಷಡ್ಜದ ಅಂಚಿನವರೆಗೂ ಹೋಗಿ ಅದನ್ನು ಮುಟ್ಟದೆ ಹಿಂದಿರುಗುತ್ತಾರೆ, ಮತ್ತೆ ಹೋಗುತ್ತಾರೆ, ಮತ್ತೆ ತಡೆಯುತ್ತಾರೆ, ಕೊನೆಗೊಮ್ಮೆ ಅದರ ಮೇಲೆ ನಿಂತಾಗ ಸಭೆಯೆಲ್ಲ ಒಂದೇ ಉಸಿರಿನಲ್ಲಿ ತಲೆದೂಗುತ್ತದೆ. ತಬಲಾದವರು ಒಂದೇ ನುಡಿಯನ್ನು ಮೂರು ಸಲ ನುಡಿಸಿ ಸರಿಯಾಗಿ ಸಮದ ಮೇಲೆ ಬಂದಿಳಿಯುವ ತಿಹಾಯಿಯಲ್ಲಿ, ಮೂರನೆಯದು ಎಲ್ಲಿ ಮುಗಿಯುತ್ತದೆಂದು ಗೊತ್ತಿರುವ ಕೇಳುಗನ ಕೈ ತಾನಾಗಿ ತೊಡೆಯ ಮೇಲೆ ಬೀಳುತ್ತದೆ. ತಾಳ ಗೊತ್ತಿಲ್ಲದವನಿಗೆ ಆ ಸುಖ ಅರ್ಧಕ್ಕರ್ಧ ತಪ್ಪಿಹೋಗುತ್ತದೆ, ಏಕೆಂದರೆ ಕಾಯುವುದಕ್ಕೆ ಅವನಲ್ಲಿ ಏನೂ ಇರುವುದಿಲ್ಲ.

ಹೀಗೆ ಡೋಪಮೈನ್ ಮತ್ತು ಸಂಗೀತಸುಖ ಜೊತೆಜೊತೆಗೆ ಕಾಣಿಸಿಕೊಂಡರೂ ಒಂದು ಇನ್ನೊಂದಕ್ಕೆ ಕಾರಣವೇ ಎಂಬ ಅನುಮಾನ ಉಳಿದಿತ್ತು. ಲಾರಾ ಫೆರ್ರೆರಿ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗ ಅದನ್ನು ಬಹುಮಟ್ಟಿಗೆ ಬಗೆಹರಿಸಿತು: 27 ಮಂದಿಗೆ ಬೇರೆ ಬೇರೆ ದಿನಗಳಲ್ಲಿ ಡೋಪಮೈನನ್ನು ಹೆಚ್ಚಿಸುವ ಲೆವೊಡೋಪ, ಅದರ ಕೆಲಸವನ್ನು ತಡೆಯುವ ರಿಸ್ಪೆರಿಡೋನ್ ಮತ್ತು ಯಾವ ಗುಣವೂ ಇಲ್ಲದ ಹುಸಿಗುಳಿಗೆಯನ್ನು ಕೊಟ್ಟು ಹಾಡು ಕೇಳಿಸಿದಾಗ, ಮೊದಲನೆಯದು ಸಂಗೀತದ ಸುಖವನ್ನೂ ಅದಕ್ಕಾಗಿ ಹಣ ತೆರುವ ಮನಸ್ಸನ್ನೂ ಹೆಚ್ಚಿಸಿತು, ಎರಡನೆಯದು ಎರಡನ್ನೂ ಕುಗ್ಗಿಸಿತು. ಅಫೀಮಿನ ಗುಂಪಿನ ರಾಸಾಯನಿಕಗಳನ್ನು ನಮ್ಮ ಮಿದುಳು ತಾನೇ ತಯಾರಿಸಿಕೊಳ್ಳುತ್ತದೆ. ಸಂಗೀತದಲ್ಲಿ ಅವುಗಳ ಪಾತ್ರವನ್ನೂ ಹುಡುಕಿದವರಿದ್ದಾರೆ. ಅಮೆರಿಕದ ಔಷಧವಿಜ್ಞಾನಿ ಅವ್ರಮ್ ಗೋಲ್ಡ್‌ಸ್ಟೈನ್ 1980ರಷ್ಟು ಹಿಂದೆಯೇ, ಅಫೀಮಿನ ಪರಿಣಾಮವನ್ನು ತಡೆಯುವ ಔಷಧ ಕೊಟ್ಟಾಗ ಕೆಲವರಲ್ಲಿ ಸಂಗೀತದ ರೋಮಾಂಚನ ಇಳಿಯಿತೆಂದು ವರದಿ ಮಾಡಿದ್ದರು, ಆದರೆ ನಂತರದ ಪ್ರಯೋಗಗಳ ಫಲಿತಾಂಶಗಳು ಈ ವಿಷಯದಲ್ಲಿ ಒಂದೇ ತೆರನಾಗಿಲ್ಲ.

ಈ ಸಂಶೋಧನೆಗಳು ಹೊರಬಂದಾಗಲೆಲ್ಲ ಪತ್ರಿಕೆಗಳಲ್ಲಿ ಸಂಗೀತವೂ ಮಾದಕವಸ್ತುವೇ ಎಂಬ ಶೀರ್ಷಿಕೆಗಳು ಕಾಣಿಸಿಕೊಂಡವು. ಇದು ಆತುರದ ತೀರ್ಮಾನ. ಮಗುವಿನ ನಗು, ಬಾಯಾರಿದಾಗಿನ ನೀರು, ಗೆಳೆಯರ ಹೊಗಳಿಕೆ ಎಲ್ಲವೂ ಹಾಯುವುದು ಇದೇ ಜಾಲದ ಮೂಲಕ. ಒಂದೇ ದಾರಿಯಲ್ಲಿ ನಡೆಯುವವರೆಲ್ಲ ಒಂದೇ ಊರಿಗೆ ಹೋಗುತ್ತಾರೆಂದು ಹೇಳಲಾಗದು. ವ್ಯತ್ಯಾಸವಿರುವುದು ಆ ಜಾಲವನ್ನು ಬಳಸುವ ಬಗೆಯಲ್ಲಿ. ನರವಿಜ್ಞಾನಿ ವೋಲ್ಫ್ರಾಮ್ ಷುಲ್ಟ್ಜ್ ಅವರು ಕೋತಿಗಳ ಮೇಲೆ ನಡೆಸಿದ ಅಧ್ಯಯನಗಳಿಂದ ಸ್ಪಷ್ಟವಾದಂತೆ, ಡೋಪಮೈನ್ ನರಕೋಶಗಳು ಸುಖವನ್ನು ನೇರವಾಗಿ ಅಳೆಯುವುದಿಲ್ಲ, ನಿರೀಕ್ಷಿಸಿದ್ದಕ್ಕೂ ದೊರೆತದ್ದಕ್ಕೂ ನಡುವಿನ ಅಂತರವನ್ನು ಅಳೆಯುತ್ತವೆ. ಎಣಿಸಿದ್ದಕ್ಕಿಂತ ಹೆಚ್ಚು ಸಿಕ್ಕರೆ ಅವು ಚುರುಕಾಗುತ್ತವೆ, ಎಣಿಸಿದಷ್ಟೇ ಸಿಕ್ಕರೆ ಸುಮ್ಮನಿರುತ್ತವೆ. ಕೊಕೇನಿನಂತಹ ವಸ್ತು ಈ ಲೆಕ್ಕಾಚಾರವನ್ನು ಬದಿಗೊತ್ತಿ, ನಿರೀಕ್ಷೆ ಏನೇ ಇರಲಿ, ರಾಸಾಯನಿಕ ಬಲದಿಂದಲೇ ಡೋಪಮೈನನ್ನು ಏರಿಸಿಬಿಡುವುದರಿಂದ, ಪ್ರತಿಸಲವೂ ಇದು ಎಣಿಸಿದ್ದಕ್ಕಿಂತ ಒಳ್ಳೆಯದು ಎಂಬ ಸುಳ್ಳುಸುದ್ದಿಯನ್ನು ಮಿದುಳು ನಂಬುತ್ತಲೇ ಹೋಗುತ್ತದೆ. ಸಂಗೀತಕ್ಕೆ ಆ ಬಲಾತ್ಕಾರದ ಶಕ್ತಿಯಿಲ್ಲ. ಅದು ಕೇಳುಗನ ಮಿದುಳಿನ ಲೆಕ್ಕಾಚಾರದ ಒಳಗೇ ಕೆಲಸ ಮಾಡಬೇಕು. ಒಂದೇ ಹಾಡನ್ನು ಐವತ್ತು ಸಲ ಕೇಳಿದ ಮೇಲೆ ಅದು ಸಪ್ಪೆಯಾಗುವುದೂ, ಕೆಲ ತಿಂಗಳು ಬಿಟ್ಟು ಕೇಳಿದಾಗ ಮತ್ತೆ ಹೊಸದಾಗುವುದೂ ಇದೇ ಕಾರಣದಿಂದ.

ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರ್ರಿಜ್ ತೋರಿಸಿಕೊಟ್ಟ ಇನ್ನೊಂದು ವ್ಯತ್ಯಾಸವೂ ಇಲ್ಲಿ ಬಹುಮುಖ್ಯ. ಬಯಸುವುದು ಮತ್ತು ಸವಿಯುವುದು ಮಿದುಳಿನಲ್ಲಿ ಒಂದೇ ಕ್ರಿಯೆಯಲ್ಲ. ವ್ಯಸನದಲ್ಲಿ ಬಯಕೆ ಬೆಳೆಯುತ್ತಲೇ ಹೋಗುತ್ತದೆ, ಸವಿ ಕುಗ್ಗುತ್ತಲೇ ಬರುತ್ತದೆ, ಕುಡಿತದಿಂದ ಎಳ್ಳಷ್ಟೂ ಸುಖ ಉಳಿಯದ ಮೇಲೂ ಕುಡಿಯುವವನ ಕೈ ನಿಲ್ಲದಿರುವುದು ಇದರಿಂದಲೇ. ಸಂಗೀತದಲ್ಲಿ ಈ ಎರಡು ಸಾಮಾನ್ಯವಾಗಿ ಬೇರೆಯಾಗುವುದಿಲ್ಲ. ರುಚಿಸದ ಹಾಡನ್ನು ಬಿಡಲಾರದೆ ಗಂಟೆಗಟ್ಟಲೆ ಕೇಳುತ್ತ ಕೂರುವವರು ತೀರ ಅಪರೂಪ. ಹಾಗೆಯೇ, ಬಹುಕಾಲ ವಿಪರೀತ ಕುಡಿದವನು ಏಕಾಏಕಿ ನಿಲ್ಲಿಸಿದಾಗ ಕೈಕಾಲು ನಡುಗಿ, ಸೆಳವು ಬಂದು, ಕೆಲವೊಮ್ಮೆ ಪ್ರಾಣಕ್ಕೇ ಅಪಾಯವಾಗುವುದುಂಟು. ಹಾಡು ನಿಂತಾಗ ಉಂಟಾಗುವುದು ಚಡಪಡಿಕೆ, ಸಿಡುಕು, ಹೆಚ್ಚೆಂದರೆ ಸಹಿಸಲು ಕಷ್ಟವೆನಿಸುವ ಮೌನ. ಇನ್ನು, ಸಂಗೀತದಿಂದ ಯಾವ ಸುಖವನ್ನೂ ಪಡೆಯದ ಆರೋಗ್ಯವಂತರೂ ಇದ್ದಾರೆಂಬುದನ್ನು ಬಾರ್ಸಿಲೋನಾದ ಸಂಶೋಧಕರು 2014ರಲ್ಲಿ ಪ್ರಕಟಿಸಿದರು. ಇವರು ಸ್ವರ, ಲಯಗಳನ್ನು ಗುರುತಿಸಬಲ್ಲರು, ಹಣ ಗೆದ್ದಾಗ ಎಲ್ಲರಂತೆ ಸಂತೋಷಪಡುತ್ತಾರೆ, ಆದರೆ ಹಾಡು ಇವರಿಗೆ ಏನೂ ಅಲ್ಲ. ಇವರಲ್ಲಿ ಶ್ರವಣಕೇಂದ್ರಕ್ಕೂ ಪ್ರತಿಫಲ ವ್ಯವಸ್ಥೆಗೂ ನಡುವಿನ ಸಂಪರ್ಕ ದುರ್ಬಲವಾಗಿರುವುದು ಮುಂದಿನ ಅಧ್ಯಯನದಲ್ಲಿ ಕಂಡುಬಂತು. ಪ್ರತಿಫಲ ವ್ಯವಸ್ಥೆಗೆ ಸಂಗೀತ ನೇರವಾಗಿ ನುಗ್ಗುವುದಿಲ್ಲ, ಕೇಳುವ, ನೆನೆಯುವ, ಊಹಿಸುವ ಮಿದುಳಿನ ಅನುಮತಿ ಪಡೆದೇ ಒಳಹೋಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಆದರೂ ಸಂಗೀತದ ಬಯಕೆ ನಿಜವಾಗಿಯೂ ಕೈಮೀರಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ, ಅವು ಕಲಿಸುವ ಪಾಠ ದೊಡ್ಡದು. ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು 2001ರಲ್ಲಿ ವರದಿ ಮಾಡಿದ ನಡುವಯಸ್ಸಿನ ರೋಗಿಯೊಬ್ಬನು, ಪದಗಳ ಅರ್ಥವೇ ಮರೆತುಹೋಗುವ ಬಗೆಯ ಡಿಮೆನ್ಷಿಯಾ ಕಾಯಿಲೆಗೆ ತುತ್ತಾದ ಮೇಲೆ, ಪೋಲ್ಕಾ ಎಂಬ ಯುರೋಪಿನ ಜನಪದ ನೃತ್ಯಸಂಗೀತಕ್ಕೆ ಮರುಳಾಗಿ, ಮನೆಯ ಗ್ಯಾರೇಜಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಕುಳಿತು ದಿನಕ್ಕೆ 12ರಿಂದ 18 ಗಂಟೆಗಳವರೆಗೂ ಅದನ್ನೇ ಕೇಳುತ್ತಿದ್ದನು. ಮಿದುಳಿನ ಮುಂಭಾಗ ಮತ್ತು ಕಪೋಲಭಾಗಗಳು ಕ್ಷೀಣಿಸುವ ಈ ಕಾಯಿಲೆಯಲ್ಲಿ ಹೀಗೆ ಸಂಗೀತದ ಹುಚ್ಚು ಹೊಸದಾಗಿ ಹತ್ತುವುದನ್ನು ಲಂಡನ್ನಿನ ನರವೈದ್ಯರ ತಂಡ ಹಲವು ರೋಗಿಗಳಲ್ಲಿ ಗುರುತಿಸಿದೆ. ಮನೆಯವರ ಮುಖ ಗುರುತಿಸುವುದು, ಅವರ ಭಾವ ಅರಿಯುವುದು ಕಷ್ಟವಾಗುತ್ತಿದ್ದಂತೆ ನಾದದ ಸೆಳೆತ ಮಾತ್ರ ಬಲವಾಗುತ್ತದೆ. ಪಾರ್ಕಿನ್ಸನ್ ಕಾಯಿಲೆಗೆ ಡೋಪಮೈನ್ ಹೆಚ್ಚಿಸುವ ಔಷಧ ತೆಗೆದುಕೊಳ್ಳುವವರಲ್ಲಿ ಕೆಲವರು ಇದ್ದಕ್ಕಿದ್ದಂತೆ ಜೂಜಿಗೆ ಬೀಳುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಅಂಥವರಲ್ಲಿ ತಡೆಯಲಾಗದೆ ಹಾಡುತ್ತಲೇ ಇರುವವರೂ ಕಂಡುಬಂದಿದ್ದಾರೆ.

ಇವೆಲ್ಲಕ್ಕಿಂತ ವಿಚಿತ್ರವಾದದ್ದು ನೆದರ್ಲೆಂಡಿನಿಂದ 2014ರಲ್ಲಿ ವರದಿಯಾದ ಪ್ರಕರಣ. ದಶಕಗಳಿಂದ ಗೀಳುರೋಗದಿಂದ ನರಳುತ್ತಿದ್ದ ವ್ಯಕ್ತಿಯೊಬ್ಬನಿಗೆ ಚಿಕಿತ್ಸೆಯ ಭಾಗವಾಗಿ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಕೇಂದ್ರಕ್ಕೆ ವಿದ್ಯುದ್ವಾಹಕಗಳನ್ನು ಅಳವಡಿಸಲಾಯಿತು. ಸಂಗೀತದ ವಿಷಯದಲ್ಲಿ ಅಷ್ಟಾಗಿ ತಲೆಕೆಡಿಸಿಕೊಳ್ಳದಿದ್ದ ಅವನು ಕೆಲವು ತಿಂಗಳ ಬಳಿಕ ಅಮೆರಿಕದ ಗಾಯಕ ಜಾನಿ ಕ್ಯಾಷ್‌ನ ಹಾಡನ್ನು ಆಕಸ್ಮಿಕವಾಗಿ ಕೇಳಿ, ಅಂದಿನಿಂದ ಅವನ ಹಾಡುಗಳ ಹೊರತು ಬೇರೇನನ್ನೂ ಕೇಳದವನಾದನು. ಉಪಕರಣದ ಬ್ಯಾಟರಿ ಬರಿದಾದಾಗ ಮಾತ್ರ ಆ ಒಲವು ತಾನಾಗಿ ಮಾಯವಾಗಿ ಹಳೆಯ ಅಭಿರುಚಿ ಮರಳುತ್ತಿತ್ತು. ಈ ಪ್ರಕರಣಗಳಲ್ಲೆಲ್ಲ ಮೊದಲು ಕೆಟ್ಟದ್ದು ಅಥವಾ ಬದಲಾದದ್ದು ಮಿದುಳು, ಸಂಗೀತ ಆಮೇಲೆ ಬಂದದ್ದು. ಹಿಂದೆಂದೂ ಇಲ್ಲದ ಸಂಗೀತದ ಹಂಬಲ ವಯಸ್ಸಾದವರಲ್ಲಿ ಏಕಾಏಕಿ ಕಾಣಿಸಿಕೊಂಡು, ಅದರ ಜೊತೆಗೆ ನಡೆನುಡಿಗಳೂ ಬದಲಾಗಿದ್ದರೆ, ಅದನ್ನು ಇಳಿವಯಸ್ಸಿನ ಹವ್ಯಾಸವೆಂದು ತಳ್ಳಿಹಾಕದೆ ನರರೋಗ ತಜ್ಞರ ಬಳಿಗೆ ಕರೆದೊಯ್ಯುವುದು ಒಳಿತು.

ಕಾಯಿಲೆಯಿಲ್ಲದ ಸಾಮಾನ್ಯರ ಮಾತೇನು? ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಮೇರಿ ಫ್ಲೊರೆಂಟೈನ್ ಮತ್ತು ಸಂಗಡಿಗರು 1998ರಲ್ಲಿ, ಕುಡಿತದ ವ್ಯಸನವನ್ನು ಪತ್ತೆಹಚ್ಚುವ ಪ್ರಶ್ನಾವಳಿಯನ್ನೇ ಅಬ್ಬರದ ಸಂಗೀತಕ್ಕೆ ಹೊಂದಿಸಿ ಜನರನ್ನು ಕೇಳಿದಾಗ, ಬಹುಪಾಲು ಮಂದಿಯಲ್ಲಿ ಏನೂ ಕಾಣದಿದ್ದರೂ, ಸಣ್ಣ ಗುಂಪೊಂದರ ಉತ್ತರಗಳು ವ್ಯಸನಿಗಳ ಉತ್ತರಗಳನ್ನೇ ಹೋಲುತ್ತಿದ್ದವು. ಸದ್ದಿನ ಮಟ್ಟ ಇಲ್ಲಿ ಕೇವಲ ಅಭ್ಯಾಸದ ಪ್ರಶ್ನೆಯಾಗಿರಲಾರದು. ಸುಮಾರು 90 ಡೆಸಿಬಲ್ ದಾಟಿದ ಮಂದ್ರಸ್ಥಾಯಿಯ ಬಡಿತ ಒಳಗಿವಿಯ ಸಮತೋಲನದ ಅಂಗವನ್ನೂ ಕೆರಳಿಸಿ, ಉಯ್ಯಾಲೆಯಲ್ಲಿ ತೂಗಿದಂಥ ಹಿತ ಕೊಡುತ್ತಿರಬಹುದೆಂದು ನೀಲ್ ಟಾಡ್ ಮತ್ತು ಫ್ರೆಡ್ರಿಕ್ ಕೋಡಿ 2000ದಲ್ಲಿ ಸೂಚಿಸಿದ್ದಾರೆ. ಅದೇ ಹಿತಕ್ಕೆ ಹೆಚ್ಚು ಹೆಚ್ಚು ಪ್ರಮಾಣ ಬೇಕಾಗುವ ಲಕ್ಷಣ ಸಂಗೀತದಲ್ಲಿ ಎಲ್ಲಾದರೂ ಸ್ಪಷ್ಟವಾಗಿ ಕಾಣುವುದಾದರೆ ಅದು ಈ ಸದ್ದಿನ ವಿಷಯದಲ್ಲಿಯೇ.

ಹೆಚ್ಚು ಗಮನ ಕೊಡಬೇಕಾದದ್ದು ಜನ ಸಂಗೀತವನ್ನು ಯಾತಕ್ಕೆ ಬಳಸುತ್ತಾರೆ ಎಂಬುದಕ್ಕೆ. ದುಃಖದಲ್ಲಿರುವವರು ಶೋಕದ ಹಾಡು ಕೇಳಿ ಹಗುರಾಗುವುದುಂಟು. ಅದೇ ಹಾಡನ್ನು ಕೇಳುತ್ತ ಕೇಳುತ್ತ ಅದೇ ನೋವನ್ನು ಮೆಲುಕು ಹಾಕಿ ಇನ್ನಷ್ಟು ಕುಸಿಯುವವರೂ ಇದ್ದಾರೆ, ಮತ್ತು ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಆಸ್ಟ್ರೇಲಿಯದ ಕತ್ರಿನಾ ಮೆಕ್‌ಫೆರನ್, ಫಿನ್ಲೆಂಡಿನ ಸುವಿ ಸಾರಿಕಲ್ಲಿಯೊ ಮುಂತಾದವರು ಹದಿಹರೆಯದವರಲ್ಲಿ ಸಂಗೀತದ ಆರೋಗ್ಯಕರ ಮತ್ತು ಅನಾರೋಗ್ಯಕರ ಬಳಕೆಯನ್ನು ಬೇರೆಮಾಡಿ ತಿಳಿಯುವ ಪ್ರಶ್ನಾವಳಿಯನ್ನು ರೂಪಿಸಿದ್ದು ಈ ಕಾರಣಕ್ಕಾಗಿಯೇ. ಅಲ್ಲಿ ಎಷ್ಟು ಗಂಟೆ ಕೇಳುತ್ತೀರಿ ಎಂಬುದಕ್ಕಿಂತ, ಕೇಳಿದ ಮೇಲೆ ಮನಸ್ಸು ಹೇಗಿರುತ್ತದೆ, ಜನರಿಂದ ಮರೆಯಾಗಲು ಕೇಳುತ್ತೀರಾ ಎಂಬಂಥ ಪ್ರಶ್ನೆಗಳಿಗೆ ಬೆಲೆ ಹೆಚ್ಚು. ಇಸ್ರೇಲಿನ ಎಲಿ ಸೋಮರ್ 2002ರಲ್ಲಿ ವಿವರಿಸಿದ ಹಗಲುಗನಸಿನ ಗೀಳಿನಲ್ಲಿಯೂ ಸಂಗೀತಕ್ಕೆ ಒಂದು ಪಾತ್ರವಿದೆ: ಕಾಲ್ಪನಿಕ ಲೋಕವೊಂದರಲ್ಲಿ ತಾಸುಗಟ್ಟಲೆ ಮುಳುಗಿರುವ ಇವರಲ್ಲಿ ಅನೇಕರು ಹಾಡು ಹಾಕಿಕೊಂಡು ಕೋಣೆಯಲ್ಲಿ ಅತ್ತಿತ್ತ ನಡೆಯುತ್ತ ಆ ಲೋಕಕ್ಕೆ ಇಳಿಯುತ್ತಾರೆ. ಅವರು ಹಾಡಿಗೆ ದಾಸರಾದಂತೆ ಮನೆಯವರಿಗೆ ತೋರಿದರೂ, ಅವರಿಗೆ ಬೇಕಾಗಿರುವುದು ಹಾಡು ತೆರೆದುಕೊಡುವ ಆ ಇನ್ನೊಂದು ಬದುಕು.

ಇಲ್ಲಿ ವಾದ್ಯ ಕಲಿಯುವವರ ರಿಯಾಜಿನ ಮಾತನ್ನೂ ಹೇಳಬೇಕು, ಏಕೆಂದರೆ ಗಂಟೆಗಳ ಲೆಕ್ಕವೇ ಅಳತೆಗೋಲಾದರೆ ಸಿತಾರಿನ ತಂತಿಯ ಮೇಲೆ ಬೆರಳು ಸವೆಸುವ ಪ್ರತಿಯೊಬ್ಬ ವಿದ್ಯಾರ್ಥಿಯೂ, ಇರುಳಿಡೀ ಕುಣಿದು ಮುಂಜಾವಿಗೆ ಗೆಜ್ಜೆ ಬಿಚ್ಚುವ ಪ್ರತಿಯೊಬ್ಬ ಯಕ್ಷಗಾನ ಕಲಾವಿದನೂ ರೋಗಿಯೆನಿಸಬೇಕಾಗುತ್ತದೆ. ಫ್ರಾನ್ಸಿನ ಸಂಶೋಧಕರು 2013ರಲ್ಲಿ ಟ್ಯಾಂಗೊ ನೃತ್ಯವೂ ವ್ಯಸನವಾಗಬಹುದೇ ಎಂದು ಪರಿಶೀಲಿಸಿದ್ದರು. ಹೀಗೆ ಬದುಕಿನ ಪ್ರತಿಯೊಂದು ಉತ್ಸಾಹಕ್ಕೂ ರೋಗದ ಹೆಸರಿಡುವ ಪ್ರವೃತ್ತಿಯನ್ನು ಜೋಯೆಲ್ ಬಿಲಿಯೂ ಮತ್ತು ಸಂಗಡಿಗರು 2015ರಲ್ಲಿ ಕಟುವಾಗಿ ವಿಮರ್ಶಿಸಿದರು. ಅವರ ಆಕ್ಷೇಪ ಸರಿಯಾದದ್ದು. ಒಲವು ಎಷ್ಟೇ ತೀವ್ರವಾಗಿದ್ದರೂ ಅದು ಮನುಷ್ಯನ ಬದುಕನ್ನು ಹಿಗ್ಗಿಸುತ್ತಿದ್ದರೆ, ಗುರುಗಳ, ಗೆಳೆಯರ, ಕೇಳುಗರ ಬಳಗಕ್ಕೆ ಅವನನ್ನು ಸೇರಿಸುತ್ತಿದ್ದರೆ, ಅದನ್ನು ಚಿಕಿತ್ಸೆ ಬೇಡುವ ಸ್ಥಿತಿಯೆಂದು ಕರೆಯಲು ಯಾವ ಆಧಾರವೂ ಇಲ್ಲ.

ಇಷ್ಟಾದರೂ ಇಂದಿನ ಆತಂಕ ತೀರ ಹುಸಿಯಲ್ಲ, ಸಂಗೀತ ದೊರೆಯುವ ಬಗೆ ಒಂದು ಶತಮಾನದಲ್ಲಿ ಪೂರ್ತಿ ಬದಲಾಗಿದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದು ಗ್ರಾಮಫೋನ್ ತಟ್ಟೆಯ ಮೇಲೆ ಮುದ್ರಿತವಾಗುವವರೆಗೆ ಈ ದೇಶದಲ್ಲಿ ಒಂದು ಹಾಡನ್ನು ಕೇಳಬೇಕಾದರೆ ಹಾಡುವವರು ಎದುರಿಗಿರಬೇಕಿತ್ತು, ಅವರ ಗಂಟಲು ದಣಿದಾಗ ಕೇಳುಗನ ಸುಖವೂ ಮುಗಿಯುತ್ತಿತ್ತು. ತನ್ನ ಕೊನೆಯ ದಿನಗಳನ್ನು ಮೈಸೂರಿನಲ್ಲಿ ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡ ಆ ಗಾಯಕಿಯ ತಟ್ಟೆಗಳು ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷಗಳ ಹಾಡನ್ನು. 1979ರ ವಾಕ್‌ಮನ್ ಸಂಗೀತವನ್ನು ಒಬ್ಬನೇ ಒಬ್ಬನ ಕಿವಿಗೆ ತಂದಿತು. ಇಂದಿನ ಮೊಬೈಲ್ ಆ್ಯಪುಗಳು ಒಂದು ಹಾಡು ಮುಗಿಯುವುದರೊಳಗೆ ಕೇಳುಗನ ರುಚಿಯನ್ನು ಲೆಕ್ಕ ಹಾಕಿ ಮುಂದಿನದನ್ನು ತಾವೇ ಆರಂಭಿಸುತ್ತವೆ, ಸಪ್ಪೆಯಾಗುವ ಮೊದಲೇ ಹೊಸದನ್ನು ಮುಂದಿಡುತ್ತವೆ. ಸಂಗೀತಕ್ಕೆ ಸ್ವಭಾವತಃ ಇದ್ದ ತಣಿವಿನ ಗುಣವನ್ನು ಇದು ಸದ್ದಿಲ್ಲದೆ ಕಿತ್ತುಕೊಳ್ಳುತ್ತದೆ. ಹಾಡು ಕೇಳುವುದನ್ನು ನಿಲ್ಲಿಸಲಾಗುತ್ತಿಲ್ಲವೆಂದು ಹೇಳುವವರಲ್ಲಿ ಎಷ್ಟೋ ಮಂದಿಗೆ ನಿಲ್ಲಿಸಲಾಗದಿರುವುದು ಹಾಡನ್ನಲ್ಲ, ಮೊಬೈಲನ್ನು.

ವ್ಯಸನ ಹೌದೋ ಅಲ್ಲವೋ ಎಂಬ ಚರ್ಚೆಯ ನಡುವೆ, ಚರ್ಚೆಗೆ ಎಡೆಯೇ ಇಲ್ಲದ ಹಾನಿಯೊಂದು ಮರೆತುಹೋಗುತ್ತದೆ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ವಯಸ್ಕರು ವಾರಕ್ಕೆ 40 ಗಂಟೆ ಕೇಳುವುದಾದರೆ ಸದ್ದು 80 ಡೆಸಿಬಲ್ ಮೀರಬಾರದು, ಮಕ್ಕಳಿಗೆ ಈ ಮಿತಿ 75 ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಡೆಸಿಬಲ್ ಲೆಕ್ಕದಲ್ಲಿ ಪ್ರತಿ 3ರ ಏರಿಕೆಗೆ ಸದ್ದಿನ ಶಕ್ತಿ ಎರಡರಷ್ಟಾಗುವುದರಿಂದ, 90 ಡೆಸಿಬಲ್ಲಿಗೆ ಅದೇ ವಾರದ ಮಿತಿ 4 ಗಂಟೆಗೆ ಇಳಿಯುತ್ತದೆ. ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಯುವಜನರು ಇಂತಹ ಅಸುರಕ್ಷಿತ ಆಲಿಸುವಿಕೆಯಿಂದ ಶ್ರವಣದೋಷದ ಅಪಾಯದಲ್ಲಿದ್ದಾರೆಂದು ಅದೇ ಸಂಸ್ಥೆ ಅಂದಾಜಿಸಿದೆ. ಮೊಬೈಲಿನ ಸದ್ದನ್ನು ಗರಿಷ್ಠದ ಶೇಕಡಾ 60ರೊಳಗೆ ಇರಿಸಿಕೊಳ್ಳುವುದು, ಬಸ್ಸಿನ ಗದ್ದಲದಲ್ಲಿ ಅದನ್ನು ಏರಿಸದಿರುವುದು, ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಉಳಿದರೆ ತಜ್ಞರಿಗೆ ತೋರಿಸುವುದು ಸಂಗೀತವನ್ನು ಪ್ರೀತಿಸುವ ಯಾರಿಗೂ ಭಾರವಾಗಬೇಕಿಲ್ಲ.

ಮನೆಯಲ್ಲಿ ಯಾರಾದರೂ ಹಾಡಿನಲ್ಲೇ ಮುಳುಗಿಹೋಗಿದ್ದಾರೆಂದು ತೋರಿದಾಗ ಇಯರ್‌ಫೋನ್ ಕಿತ್ತುಕೊಳ್ಳುವುದು ಎಲ್ಲಕ್ಕಿಂತ ಸುಲಭವಾದ, ಎಲ್ಲಕ್ಕಿಂತ ನಿಷ್ಪ್ರಯೋಜಕವಾದ ಕೆಲಸ. ನಿದ್ದೆ, ಊಟ, ಓದು, ಕೆಲಸ ಕೆಡುತ್ತಿವೆಯೇ, ಜನರೊಡನೆ ಮಾತು ಕಡಿಮೆಯಾಗಿದೆಯೇ, ಹಾಡು ನಿಂತಾಗ ಅವರನ್ನು ಕಾಡುವುದು ಯಾವುದು ಎಂಬುದನ್ನು ಸಮಾಧಾನದಿಂದ ಕೇಳಿ ತಿಳಿದರೆ, ಬಹುಪಾಲು ಸಂದರ್ಭಗಳಲ್ಲಿ ಹಾಡಿನ ಹಿಂದೆ ಒಂಟಿತನವೋ ಖಿನ್ನತೆಯೋ ಪರೀಕ್ಷೆಯ ಭಯವೋ ಕಾಣಸಿಗುತ್ತದೆ. ಚಿಕಿತ್ಸೆ ಬೇಕಾಗಿರುವುದು ಅದಕ್ಕೆ, ಮತ್ತು ಆ ಚಿಕಿತ್ಸೆಯಲ್ಲಿ ಸಂಗೀತ ನೆರವಾಗುವುದೂ ಉಂಟು. ಮೊಬೈಲಿನ ಹಿಡಿತದಿಂದ ಬಿಡಿಸಿಕೊಳ್ಳಲಾಗದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ತಂತ್ರಜ್ಞಾನದ ಆರೋಗ್ಯಕರ ಬಳಕೆಗೆ ಮೀಸಲಾದ ಷಟ್ ಕ್ಲಿನಿಕ್ ಅನ್ನು 2014ರಿಂದ ನಡೆಸುತ್ತಿದೆ. ಮನಸ್ಸಿನ ಯಾವುದೇ ಸಂಕಟಕ್ಕೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.